ವೀರಗಲ್ಲು ಹುಡುಕಿಕೊಂಡು ಬಂದವರು

ಹುಳಿ ಮೊಸರಿಗೂ ಆಸ್ಪತ್ರೆಗೂ ನಡುವಿನ ಒಂದು ವಾಸನೆ, ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು: ಫೋಟೋ ತೊಳೆಯುವ ಮದ್ದಿನದು. ಮೊನ್ನೆ ಬಚ್ಚಲಿಗೆಂದು ತಂದ ಬಾಟಲಿಯ ಮುಚ್ಚಳ ಬಿಚ್ಚಿದಾಗ ಅದೇ ವಾಸನೆ ಬಂತು. ನನ್ನದು ಹುಟ್ಟು ಅನುಮಾನ, ಎರಡು ಸಲ ಮೂಸಿದೆ. ಶಿರಾ ಗೇಟಿನ ಹತ್ತಿರವಿದ್ದ ನಮ್ಮ ಹಳೇ ಮನೆ ಇಡಿಯಾಗಿ ಎದ್ದು ಬಂತು. ಅದರ ಹಿಂದಿನ ಕೋಣೆ ಚಿಕ್ಕಪ್ಪನದು. ಕಿಟಕಿಗೆ ಕರಿ ಕಂಬಳಿ ಬಡಿದು, ಒಳಗೆ ಕತ್ತಲು ಮಾಡಿಕೊಂಡು ಪಟ ತೊಳೆಯುತ್ತಿದ್ದ. ಮದುವೆ ಫೋಟೋ ಹೊಟ್ಟೆಪಾಡಿಗೆ. ಅವನ ಜೀವವೆಲ್ಲ ಗುಬ್ಬಿ, ಕುಣಿಗಲ್ ದಾರಿಬದಿಯ ವೀರಗಲ್ಲುಗಳಲ್ಲಿ, ಸುಣ್ಣ ಕೆಮ್ಮಣ್ಣು ಬಳಿಸಿಕೊಂಡು ನಿಂತ ಆ ಕಲ್ಲಿನ ಕುದುರೆಗಳಲ್ಲಿ ಇತ್ತು. ಭಾನುವಾರ ಬಂತೆಂದರೆ ಸೈಕಲ್ ಹತ್ತಿಬಿಡುತ್ತಿದ್ದ.

ಹುತ್ರಿದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ವರ್ಷಕ್ಕೊಮ್ಮೆ ಕೋಟೆ ಕಾಳಗ ಆಡುತ್ತಿದ್ದರು. ಅರ್ಧ ಊರು ಕೋಟೆಯವರು, ಅರ್ಧ ಊರು ಮುತ್ತಿಗೆ ಹಾಕುವವರು. ಮರದ ಕತ್ತಿಗಳನ್ನು ಮೊದಲು ದಾರಿಬದಿಯ ವೀರಗಲ್ಲಿನ ಮುಂದಿಟ್ಟು, ಅಪ್ಪಣೆ ಕೇಳಿಯೇ ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಆಟದ ಏಟು ನಿಜದ ಏಟಾಗುತ್ತದೆಂದು ನಂಬಿಕೆ. ಚಿಕ್ಕಪ್ಪ ಎರಡು ವರ್ಷ ಅದನ್ನೆಲ್ಲ ಪಟ ಹಿಡಿದಿದ್ದ. ಮೂರನೇ ವರ್ಷ, ಕಾಳಗಕ್ಕೆ ನಾಲ್ಕು ದಿನವಿರುವಾಗ ಊರವರು ನೋಡಿದರೆ ಕಲ್ಲೇ ಇಲ್ಲ. ವಿಗ್ರಹ ಕದಿಯುವವರು ಮೊದಲು ಕ್ಯಾಮೆರಾ ತಂದು ನೋಡಿಕೊಂಡು ಹೋಗುತ್ತಾರೆಂಬ ಮಾತು ಆಗ ಎಲ್ಲೆಲ್ಲೂ ಇತ್ತು.

ಆ ಊರಿನ ಹಿರಿಯರಿಬ್ಬರು ಮಧ್ಯಾಹ್ನದ ಬಸ್ಸಿಗೆ ನಮ್ಮ ಮನೆಗೆ ಬಂದರು. "ಕಲ್ಲಿಲ್ದೆ ನಾವ್ ಕತ್ತಿ ಹೆಂಗ್ ಎತ್ತಾನ ಹೇಳಿ ಅಮ್ಮಾ. ಪೋಟ ಹಿಡಿಯಾಕ್ ಬಂದಿದ್ದವ್ರು ನಿಮ್ಮುಡುಗ ಒಬ್ರೇಯ," ಎಂದು ಅಜ್ಜಿಗೆ ಹೇಳಿದರು. ನಮ್ಮಜ್ಜಿಯೋ, ನೀರು ಬೆರೆಸಿದ್ದಾಳೆಂದು ಹಾಲಿನವಳ ಪಾತ್ರೆಯನ್ನೇ ಅಲ್ಲಾಡಿಸಿ ನೋಡುವ ಹೆಂಗಸು. ಅವಳ ಮಡಿಲಲ್ಲಿ ಬೆಳೆದ ಹತ್ತು ವರ್ಷದ ನಾನು ಇನ್ನೇನಾದೇನು? ಯಾರೂ ಕೇಳದಿದ್ದರೂ ಬಾಯಿ ಹಾಕಿದೆ: "ಚಿಕ್ಕಪ್ಪ ಮೊನ್ನೆ ಭಾರದ್ದೊಂದು ಗೋಣಿಚೀಲ ಒಳಗೆ ಎಳ್ಕೊಂಡು ಹೋದ. ನಾನೇ ನೋಡ್ದೆ." ಅಜ್ಜಿ ಹೋಗಿ ಕೋಣೆಯ ಬಾಗಿಲು ಬಡಿದಳು. "ಆ ಚೀಲದಲ್ಲಿ ಏನಿದೆಯೋ, ತೆಗಿ ಬಾಗ್ಲು." ಚಿಕ್ಕಪ್ಪ ಒಳಗಿಂದಲೇ, "ರೀಲ್ ತೊಳೀತಿದೀನಮ್ಮ, ಬೆಳಕು ಬಿದ್ರೆ ಎಲ್ಲಾ ಹೋಗುತ್ತೆ, ಹತ್ತು ನಿಮಿಷ ತಡಿ," ಎಂದ. ಆ ಹತ್ತು ನಿಮಿಷ ನಮಗೆಲ್ಲ ಕಳ್ಳನ ಮಾತಿನಂತೆ ಕೇಳಿತು. ಅಜ್ಜಿ ಬಾಗಿಲು ದೂಡಿದಳು. ಚೀಲದಲ್ಲಿದ್ದದ್ದು ಪಟ ತೊಳೆಯುವ ಉಪ್ಪು. ಅವನ ಕೈಯಲ್ಲಿದ್ದ ರೀಲು, ಕುಣಿಗಲ್‌ನಿಂದ ಗುಬ್ಬಿಯವರೆಗೆ ಸೈಕಲ್ ತುಳಿದು ಹಿಡಿದ ಅಷ್ಟೂ ವೀರಗಲ್ಲುಗಳು, ಬಿಸಿಲು ಬಿದ್ದು ಹಾಳಾಗಿ ಹೋದವು. ಅವನು ರೇಗಲಿಲ್ಲ. "ಚೀಲ ನೋಡಿದ್ದು ಯಾರು?" ಎಂದಷ್ಟೇ ಕೇಳಿದ. ಅಜ್ಜಿ ನನ್ನ ಕಡೆ ನೋಡಿದಳು.

ಮಳೆಗಾಲದಲ್ಲಿ ಕಲ್ಲು ಸಿಕ್ಕಿತು. ರಸ್ತೆ ಕೆಲಸದವರು ಯಾರೋ ಅದನ್ನು ಮಗುಚಿ ಚರಂಡಿಗೆ ಹಾಸಿದ್ದರು. ಅಷ್ಟು ದಿನ ಇಡೀ ಊರು ಅದರ ಬೆನ್ನಿನ ಮೇಲೇ ಓಡಾಡಿತ್ತು. ಅದೇ ಹಿರಿಯರು ಎಲೆ ಅಡಿಕೆ ಹಿಡಿದು, ಕಲ್ಲಿಲ್ಲದೆ ನಿಂತುಹೋಗಿದ್ದ ಕಾಳಗಕ್ಕೆ ಕರೆಯಲು ಬಂದರು. ಚಿಕ್ಕಪ್ಪ ಹೋದ, ನೋಡಿ ಬಂದ. ಕ್ಯಾಮೆರಾ ಒಯ್ಯಲಿಲ್ಲ.

ಅಷ್ಟರಲ್ಲಿ ಅವನ ಕತ್ತಲ ಕೋಣೆಗೆ ಒಳಗಿನಿಂದ ಚಿಲಕ ಬಂದಿತ್ತು. ಮುಂಚೆ ನನ್ನ ಹೆಜ್ಜೆ ಸಪ್ಪಳಕ್ಕೇ "ಬಾ ಪುಟ್ಟಿ, ಬೇಗ ಬಾಗ್ಲು ಹಾಕ್ಕೋ" ಎನ್ನುತ್ತಿದ್ದವನು, ಆಮೇಲೆ ತಟ್ಟಿದರೆ "ಯಾರು?" ಎಂದು ಕೇಳುತ್ತಿದ್ದ. "ನಾನು ಚಿಕ್ಕಪ್ಪ" ಎಂದರೆ ಮೊದಲು ರೀಲನ್ನು ಡಬ್ಬಿಗೆ ಹಾಕಿ ಮುಚ್ಚುವ ಸದ್ದು ಕೇಳುತ್ತಿತ್ತು. ಈಗ ಆ ಮನೆಯಿಲ್ಲ, ಅವನೂ ಇಲ್ಲ. ತಪ್ಪಾಯಿತೆಂದು ಒಂದು ಸಲ ಹೇಳಬೇಕಿತ್ತು, ನನ್ನ ಹಾಳು ಬಾಯಿ ಅದಕ್ಕೆ ಮಾತ್ರ ತೆರೆಯಲಿಲ್ಲ. ಆಗೆಲ್ಲ ಅವನು ಕೈ ಒರೆಸಿಕೊಂಡು ಚಿಲಕ ತೆಗೆಯುವಷ್ಟರಲ್ಲಿ ನಾನೇ ಅಲ್ಲಿಂದ ಹೊರಟುಬಿಟ್ಟಿರುತ್ತಿದ್ದೆ.