ಪಾರಿವಾಳದ ಪಾಳಿ

ಜೀವಶಾಸ್ತ್ರಕ್ಕೂ ನನಗೂ ಹೈಸ್ಕೂಲಿನಲ್ಲೇ ಸಂಬಂಧ ಕೆಟ್ಟಿತ್ತು. ನಾನು ಬರೆದ ಜೀವಕೋಶದ ಚಿತ್ರವನ್ನು ಮೇಷ್ಟ್ರು ತಿರುಗಿಸಿ ತಿರುಗಿಸಿ ನೋಡಿ, "ಇಡ್ಲಿಗೆ ಯಾಕಪ್ಪಾ ಕಣ್ಣು ಬರೆದಿದ್ದೀಯ?" ಎಂದು ಕೇಳಿದ್ದರು. ಮುಂದೆ ದೆಹಲಿಗೆ ಬಂದು ಕೇಂದ್ರ ಸರ್ಕಾರದ ಗುಮಾಸ್ತನಾದೆ. ಕಡತಗಳಿಗೆ ಜೀವವಿಲ್ಲವಾದ್ದರಿಂದ ನೆಮ್ಮದಿಯಾಗಿದ್ದೆ.

ಬಿಟ್ಟು ಬಂದ ಆ ವಿದ್ಯೆ ನನ್ನನ್ನು ಹುಡುಕಿಕೊಂಡು ಬಂದದ್ದು ಮಯೂರ್ ವಿಹಾರ್‌ಗೆ ಇನ್ನೂ ಮೆಟ್ರೋ ಬಂದಿರದ ಕಾಲದಲ್ಲಿ. ನಮ್ಮ ಬಾಡಿಗೆ ಮನೆಯ ಕಿಟಕಿಗೆ ಅಂಟಿಕೊಂಡು ಒಂದು ಕೂಲರ್ ಇತ್ತು. ಬೇಸಿಗೆಗೆ ಮೊದಲು ಆ ತಗಡಿನ ಪೆಟ್ಟಿಗೆಗೆ ಹೊಸ ಹುಲ್ಲು ತುಂಬಿ, ತೊಟ್ಟಿಗೆ ನೀರು ಬಿಡಬೇಕು. ಏಪ್ರಿಲ್ ಕೊನೆಯಲ್ಲಿ ಬಂದ ಮೆಕ್ಯಾನಿಕ್ ಪಕ್ಕದ ಜಾಲರಿ ತೆಗೆದವನು ಹಾಗೇ ನಿಂತ. ಒಣ ತೊಟ್ಟಿಯಲ್ಲಿ ನಾಲ್ಕು ಕಡ್ಡಿ, ಒಂದಿಷ್ಟು ತಂತಿ, ಎರಡು ಬಿಳಿ ಮೊಟ್ಟೆ. ಪಕ್ಕದಲ್ಲಿ ಗಾಬರಿಯಾದ ಒಂದು ಪಾರಿವಾಳ.

"ಅಂಡೇ ಫೇಂಕ್ ದೂಂ, ಸಾಬ್?" ಎಸೆದುಬಿಡಲೇ ಎಂದು ಕೇಳಿದ.

ನಾನು ಹೂಂ ಎನ್ನುವಷ್ಟರಲ್ಲಿ ನನ್ನ ಹೆಂಡತಿ ಸುಧಾ ಅಡುಗೆಮನೆಯಿಂದ ಬಂದಳು. "ರಹನೇ ದೋ, ಭಯ್ಯಾ," ಇರಲಿ ಬಿಡಪ್ಪ ಎಂದವಳು ನನ್ನ ಕಡೆ ತಿರುಗಿ, "ಈ ಸಲ ಕೂಲರ್ ಬೇಡ ರೀ" ಎಂದಳು.

ಜನವರಿಯಿಂದೀಚೆಗೆ ಅವಳು ಇಷ್ಟು ಖಚಿತವಾಗಿ ಯಾವುದನ್ನೂ ಬೇಕು, ಬೇಡ ಎಂದಿರಲಿಲ್ಲ. ಆ ತಿಂಗಳು ಅವಳಿಗೆ ಗರ್ಭ ಇಳಿದುಹೋಗಿತ್ತು, ಮೂರನೆಯ ತಿಂಗಳು. ನೋಡಲು ಬಂದವರು ಅವಳು ಏನು ತಿಂದಳು, ಏನು ಎತ್ತಿದಳು ಎಂದು ವಿಚಾರಿಸಿಕೊಂಡು ಹೋದರು. ನಾನು ಮೂರು ದಿನ ರಜೆ ಹಾಕಿ ನಾಲ್ಕನೆಯ ದಿನ ಆಫೀಸಿಗೆ ಹೋದೆ. ಮನೆಯಲ್ಲಿ ಮಾತು ಕಡಿಮೆಯಾದದ್ದು ನನಗೆ ಗೊತ್ತಾಗುತ್ತಿತ್ತು, ಏನು ಮಾತಾಡಬೇಕೆಂದು ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಮೆಕ್ಯಾನಿಕ್‌ನನ್ನು ಸುಮ್ಮನೆ ಕಳಿಸಿಕೊಟ್ಟೆ. ದೆಹಲಿಯ ಮೇ ತಿಂಗಳನ್ನು ಒದ್ದೆ ಟವೆಲಿನ ಆಸರೆಯಲ್ಲಿ ಕಳೆಯತೊಡಗಿದೆವು.

ಮಹಡಿ ಮೇಲಿನ ಮನೆಯ ನಸೀಮಾ ಮೇಡಂ ಹಾಸನದವರು. ಇಲ್ಲಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಸಂಜೆ ನಮ್ಮಲ್ಲಿಗೆ ಬಂದು ಚಹಾ ಕುಡಿಯುತ್ತ ಗೂಡಿನ ಯೋಗಕ್ಷೇಮ ವಿಚಾರಿಸುತ್ತಿದ್ದರು.

"ಇವು ಪಾಳಿ ಹಾಕ್ಕೊಳ್ತವೆ ಸುಧಾ. ಬೆಳಿಗ್ಗೆ ಹತ್ತರ ಸುಮಾರಿಗೆ ಗಂಡು ಬಂದು ಸಂಜೆವರೆಗೂ ಕಾವು ಕೊಡುತ್ತೆ. ಮಿಕ್ಕ ಹೊತ್ತೆಲ್ಲ ಹೆಣ್ಣು."

ಥೇಟ್ ಸರ್ಕಾರಿ ಕಚೇರಿಯ ವೇಳೆ. ಭಾನುವಾರ ನಾನೇ ಕಾದು ನೋಡಿದೆ. ಹಕ್ಕಿ ಸರಿಯಾದ ಹೊತ್ತಿಗೆ ಬಂತು, ಬಂದದ್ದು ನಡುವೆ ಚಹಾಕ್ಕೆ ಎದ್ದು ಹೋಗಲಿಲ್ಲ. ಕಚೇರಿಯ ಹೋಲಿಕೆ ಅಲ್ಲಿಗೆ ಮುಗಿಯಿತು.

ಹದಿನೆಂಟು ದಿನಕ್ಕೆ ಒಂದು ಮೊಟ್ಟೆ ಒಡೆದು, ಹಳದಿ ಕೂದಲಿನ ಕುರೂಪಿ ಮರಿಯೊಂದು ಹೊರಬಂತು. ಅದಕ್ಕೆ ಅಪ್ಪನೂ ಹಾಲೂಡುತ್ತದೆ ಎಂದರು ಮೇಡಂ. ಹಕ್ಕಿಯ ಗಂಟಲಿನ ಕೆಳಗೊಂದು ಚೀಲ. ಅದರ ಒಳಪದರದ ಜೀವಕೋಶಗಳು ಕೊಬ್ಬು ತುಂಬಿಕೊಂಡು ಉದುರಿ, ಗಟ್ಟಿ ಮೊಸರಿನಂತಾಗುತ್ತವೆ. ತಾಯಿ ತಂದೆ ಇಬ್ಬರೂ ಅದನ್ನೇ ಮರಿಯ ಬಾಯಿಗೆ ಕೊಡುತ್ತಾರೆ. ತನ್ನ ಮೈಯನ್ನೇ ಇಷ್ಟಿಷ್ಟು ಉದುರಿಸಿ ಉಣಿಸುವ ಆ ಅಪ್ಪನ ಎದುರು, ಮೂರು ದಿನದ ರಜೆಯವನಿಗೆ ತುಸು ನಾಚಿಕೆಯಾಯಿತು.

ಎರಡನೆಯ ಮೊಟ್ಟೆ ಒಡೆಯಲಿಲ್ಲ. ನಾಲ್ಕು ದಿನ ಕಾದ ಮೇಲೆ ಸುಧಾ ನಸೀಮಾ ಮೇಡಂ ಅವರನ್ನು ಕೇಳಿದಳು: "ಇದರ ಮೇಲೆ ಸರಿಯಾಗಿ ಕೂರಲಿಲ್ವಾ ಅದು?"

ಮೇಡಂ ಲೋಟ ಕೆಳಗಿಟ್ಟರು. "ಎರಡರ ಮೇಲೂ ಒಂದೇ ಥರ ಕೂತಿತ್ತಮ್ಮ, ನೀನೇ ನೋಡಿದ್ದೀಯಲ್ಲ. ಜೀವ ಶುರುವಾಗೋದು ಒಂದೇ ಜೀವಕೋಶದಿಂದ. ಅದು ಎರಡಾಗಬೇಕು, ಎರಡು ನಾಲ್ಕಾಗಬೇಕು. ಹಾಗೆ ಒಡೆಯುವಾಗ ಕೆಲವು ಸಲ ಒಳಗೇ ಏನೋ ತಪ್ಪುತ್ತೆ, ಅಲ್ಲಿಗೆ ನಿಲ್ಲುತ್ತೆ. ತಾಯಿ ಹೇಗೆ ಕೂತಳು, ಏನು ಮಾಡಿದಳು ಅನ್ನೋದಕ್ಕೂ ಅದಕ್ಕೂ ಸಂಬಂಧ ಇರಲ್ಲ."

"ಮನುಷ್ಯರಲ್ಲೂ?"

"ಮನುಷ್ಯರಲ್ಲೂ. ಹೆಚ್ಚಿನ ಸಲ ಹಾಗೇ."

ಸುಧಾ ಗೂಡಿನ ಕಡೆ ನೋಡುತ್ತ, "ಆವತ್ತು ನಲ್ಲೀಲಿ ನೀರು ಬಂದಿರಲಿಲ್ಲ. ನಾನು ಕೆಳಗಿಂದ ಎರಡು ಬಕೆಟ್ ಹೊತ್ತು ತಂದಿದ್ದೆ" ಎಂದಳು. ಮೇಡಂ ಅವಳ ಕೈ ಹಿಡಿದುಕೊಂಡರು. ನಾಲ್ಕು ತಿಂಗಳು ಆ ಎರಡು ಬಕೆಟ್ಟುಗಳನ್ನು ಅವಳು ಕೆಳಗಿಳಿಸದೆ ಹೊತ್ತಿದ್ದಳೆಂದು ಪಕ್ಕದಲ್ಲೇ ಇದ್ದ ನನಗೆ ಅಂದು ತಿಳಿಯಿತು.

ಜೂನ್ ನಡುವಿನಲ್ಲಿ ಮರಿ ಹಾರಿತು. ಮಾರನೆಯ ಬೆಳಿಗ್ಗೆ ಸುಧಾ ಉಳಿದ ಮೊಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು ಬಾಲ್ಕನಿಗೆ ಬಂದಳು. ನಾನು ಆಫೀಸಿನ ಚೀಲ ಕೆಳಗಿಟ್ಟು, ಕರಿಬೇವಿನ ಕುಂಡದಲ್ಲಿ ಚಮಚದಿಂದ ಮಣ್ಣು ತೋಡಿದೆ. ಮುಚ್ಚಿದ ಮೇಲೆ ಅವಳು, "ನಾನು ಒಂದು ಹೆಸರು ಯೋಚಿಸಿದ್ದೆ. ನಿಮಗೆ ಹೇಳಿರಲಿಲ್ಲ" ಎಂದಳು.

"ಈಗ ಹೇಳು."

ಹೇಳಿದಳು. ಅವಳ ಪಕ್ಕದಲ್ಲಿ ಕೂತು ನಾನೂ ಒಮ್ಮೆ ಆ ಹೆಸರು ಹೇಳಿ ನೋಡಿದೆ. ಚೆನ್ನಾಗಿತ್ತು.

ಅಂದು ಆಫೀಸು ತಲುಪಿದಾಗ ಹನ್ನೊಂದೂವರೆ. ತಡವಾದವರ ಪುಸ್ತಕದಲ್ಲಿ ಕಾರಣ ಬರೆಯುವ ಜಾಗವಿರುತ್ತದೆ. ಎಲ್ಲರೂ ಬಸ್ಸಿನ ಮೇಲೆ ಹಾಕುತ್ತಾರೆ. ನಾನು 'ಮನೆಯಲ್ಲಿ ಕೆಲಸವಿತ್ತು' ಎಂದು ಬರೆದು ಸಹಿ ಹಾಕಿದೆ. ಆ ಪುಸ್ತಕದಲ್ಲಿ ನಾನು ನಿಜ ಬರೆದದ್ದು ಅದೇ ಮೊದಲು.