ಪಂಚೆಯ ಚಾವಣಿ

ಮುಂದಿನ ತಿಂಗಳು ಹಗುರ ಚಾವಣಿಗಳ ಬಗ್ಗೆ ಒಂದು ಸಮ್ಮೇಳನ. ಅದರ ಬೆನ್ನಿಗೇ ಕಂಪ್ಯೂಟರಿನಲ್ಲಿ ಕಟ್ಟಡ ವಿನ್ಯಾಸ ಮಾಡುವವರದು ಇನ್ನೊಂದು. ಎರಡಕ್ಕೂ ನಮ್ಮ ಪ್ರಬಂಧ ಆಯ್ಕೆಯಾಗಿದೆ. ನಮ್ಮದು ಎಂದರೆ ನನ್ನದು ಮತ್ತು ನನ್ನ ಗಂಡನದು. ಅವರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಆಯೋಜಕರ ಇಮೇಲ್ ಮಾತ್ರ ಇಬ್ಬರ ಹೆಸರಿಗೂ ಬರುತ್ತಲೇ ಇತ್ತು, ಇಬ್ಬರೂ ಬರುತ್ತೀರಲ್ಲವೇ ಎಂದು. ಓದಿದಾಗಲೆಲ್ಲ ಸಿಟ್ಟು ನೆತ್ತಿಗೇರುತ್ತಿತ್ತು. ಉತ್ತರ ಬರೆದಿರಲಿಲ್ಲ.

ಕೆಲಸವನ್ನು ನಾವು ಹಂಚಿಕೊಂಡಿದ್ದೆವು. ಬಸವನಗುಡಿಯ ನಮ್ಮ ಮನೆಯ ನಡುಮನೆಯಲ್ಲಿ ತೂಗುಮಣೆ ಬಿಚ್ಚಿಟ್ಟು, ಅದರ ಕೊಕ್ಕೆಗಳಿಗೆ ಅವರು ಹಳೆಯ ಪಂಚೆಯೊಂದರ ನಾಲ್ಕು ಮೂಲೆ ಕಟ್ಟಿ ಇಳಿಬಿಟ್ಟಿದ್ದರು. ಬಟ್ಟೆ ತನ್ನ ಭಾರಕ್ಕೆ ತಾನೇ ಜೋತು ಪಡೆಯುವ ಆಕಾರವನ್ನು ತಲೆಕೆಳಗು ಮಾಡಿದರೆ, ನಡುವೆ ಕಂಬವಿಲ್ಲದೆ ನಿಲ್ಲುವ ತೆಳು ಚಾವಣಿ ಸಿಗುತ್ತದೆ. ಅದೇ ಆಕಾರವನ್ನು ನಾನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೆಗೆಯಬೇಕು. ಎರಡೂ ಕೂಡಬೇಕು. ಪ್ರಬಂಧದ ಜೀವವೇ ಅದು. ಕೆಳಗೆ ನೆಲದ ಮೇಲೆ ಕನ್ನಡಿಯಿಟ್ಟು, ಪಂಚೆ ಅದರಲ್ಲಿ ಚಾವಣಿಯಾಗಿ ನಿಂತದ್ದನ್ನು ನೋಡುವುದು ನಮ್ಮ ರೂಢಿ. ನಾನು ಈ ಕಡೆಯಿಂದ ಬಗ್ಗಿದರೆ ಅವರು ಆ ಕಡೆಯಿಂದ ಬಗ್ಗುತ್ತಿದ್ದರು.

ಪ್ರಬಂಧದ ಕೊನೆಯ ಫೋಟೋಗಳಿಗೆಂದು ಈಚೆಗೆ ಮತ್ತೆ ಕನ್ನಡಿಯಿಟ್ಟೆ. ಅವರು ನಿಲ್ಲುತ್ತಿದ್ದ ಕಡೆ ಬಟ್ಟೆ ನನ್ನ ಲೆಕ್ಕಕ್ಕಿಂತ ಒಂದೆಳೆ ತಗ್ಗಿತ್ತು. ಸಂಜೆ ನೋಡಿದರೆ ಸ್ವಲ್ಪ ಮೇಲೆದ್ದಿತ್ತು. ಮರುದಿನ ಬೆಳಿಗ್ಗೆ ಮತ್ತೆ ತಗ್ಗು, ಅಲ್ಲಿ ಯಾರೋ ಕೈಯಿಟ್ಟ ಹಾಗೆ. ಗಂಟುಗಳನ್ನು ಬಿಗಿದೆ, ಫ್ಯಾನ್ ಆರಿಸಿದೆ, ನನ್ನ ಲೆಕ್ಕವನ್ನೇ ಬೈದುಕೊಂಡೆ. ದೆವ್ವ ಎಂದರೆ ನಗುವ ಹೆಂಗಸು ನಾನು. ಆದರೂ ಕನ್ನಡಿಯಲ್ಲಿ ಆ ಕಡೆಯ ಖಾಲಿ ಜಾಗ ಕಂಡರೆ ಮೈ ಜುಮ್ಮೆನ್ನುತ್ತಿತ್ತು. ನಿಜ ಹೇಳಬೇಕೆಂದರೆ ಭಯಕ್ಕಿಂತ ಆಸೆಯೇ ಹೆಚ್ಚು. ಬೆಳಿಗ್ಗೆ ಮುಖ ಕೂಡ ತೊಳೆಯದೆ ಹೋಗಿ ನೋಡುತ್ತಿದ್ದೆ.

ಅವರ ತಾಯಿ, ನನ್ನ ಅತ್ತೆ, ನನ್ನ ಜೊತೆಗೇ ಇದ್ದಾರೆ. ಮಗನ ಫೋಟೋವನ್ನು ಗೋಡೆಗೆ ಹಾಕಲು ಅವರು ಬಿಟ್ಟಿರಲಿಲ್ಲ. "ಫೋಟೋ ಹಾಕಿದ್ರೆ ಹಾರ ಹಾಕ್ಬೇಕಾಗತ್ತೆ. ನನ್ ಕೈಲಾಗಲ್ಲಮ್ಮ" ಎಂದಿದ್ದರು. ಅವರ ಕಣ್ಣಲ್ಲಿ ನೀರನ್ನೂ ನಾನು ಕಂಡಿರಲಿಲ್ಲ. ಕಲ್ಲುಮನಸ್ಸು ಎಂದು ಒಳಗೊಳಗೇ ಮುನಿಸಿಕೊಂಡಿದ್ದೆ.

ಒಂದು ಬೆಳಿಗ್ಗೆ ಬೇಗ ಎಚ್ಚರವಾಯಿತು. ನಡುಮನೆಗೆ ಬಂದರೆ ಅತ್ತೆ ತುದಿಗಾಲಲ್ಲಿ ನಿಂತು, ಪಂಚೆಯೊಳಗಿನ ಬಾಡಿದ ಸೇವಂತಿಗೆ ತೆಗೆದು, ಪೂಜೆಯ ತಟ್ಟೆಯಿಂದ ಹೊಸದೊಂದನ್ನು ಇಡುತ್ತಿದ್ದರು. ದಿನವೂ ಇಡುತ್ತಿದ್ದರಂತೆ. ಹೂವು ತಾಜಾ ಇದ್ದಾಗ ಬಟ್ಟೆ ತಗ್ಗುತ್ತಿತ್ತು, ಒಣಗಿದ ಹಾಗೆ ಏಳುತ್ತಿತ್ತು. ಕನ್ನಡಿಗೆ ಬಗ್ಗಿ ಬಗ್ಗಿ ನೋಡಿದ ನಾನು ಒಂದು ಸಲವೂ ಮೇಲಿನಿಂದ ಇಣುಕಿರಲಿಲ್ಲ.

"ಇಲ್ಲೇ ಅಲ್ವಾ ಅವನು ನಿಂತ್ಕೋತಿದ್ದಿದ್ದು," ಎಂದರು ಅತ್ತೆ. ಆಮೇಲೆ, "ಈ ಪಂಚೇನ ಸಮ್ಮೇಳನಕ್ಕೆ ತಗೊಂಡು ಹೋಗ್ತೀಯಾ?"

"ಇಲ್ಲ ಅತ್ತೆ, ಫೋಟೋ ಸಾಕು. ಆದ್ರೆ ನಾಳೆ ಒಂದಿನ ಹೂವು ಇಡ್ಬೇಡಿ."

"ಆಯ್ತು" ಎಂದರು. ಹೂವನ್ನು ಅವರೇ ತೆಗೆದು, ಸಂಜೆ ತ್ಯಾಗರಾಜನಗರದ ಮಗಳ ಮನೆಗೆ ಹೊರಟುಹೋದರು. ಮನೆಯಲ್ಲಿದ್ದರೆ ಇಡದೆ ಇರಲಾಗುತ್ತಿರಲಿಲ್ಲವೇನೋ.

ಮರುದಿನ ಬೆಳಿಗ್ಗೆ ಕನ್ನಡಿಗೆ ಬಗ್ಗಿದೆ. ಬಟ್ಟೆ ಮತ್ತು ಲೆಕ್ಕ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿದ್ದವು. ನನಗೆ ಬೇಕಾಗಿದ್ದದ್ದು ಇದೇ. ಫೋಟೋ ತೆಗೆದೆ. ಆ ಕಡೆ ಯಾರ ಕೈಯೂ ಇರಲಿಲ್ಲ. ನನ್ನ ಗಂಡ ಇನ್ನಿಲ್ಲ ಎಂಬುದು ಅಂದು ನನಗೆ ಮೊದಲ ಸಲ ಪೂರ್ತಿ ಗೊತ್ತಾಯಿತು. ನೆಲದ ಮೇಲೆ ಕುಳಿತವಳಿಗೆ ಅಳು ತಡೆಯಲಾಗಲಿಲ್ಲ.

ಆಯೋಜಕರಿಗೆ ಒಬ್ಬಳೇ ಬರುತ್ತೇನೆ ಎಂದು ಬರೆದು ಕಳಿಸಿ, ಗಾಂಧಿ ಬಜಾರಿಗೆ ಹೋದೆ.

"ದೇವ್ರಿಗಾ, ಮುಡ್ಯೋಕಾ ಅಕ್ಕ?" ಎಂದಳು ಹೂವು ಮಾರುವವಳು.

"ಭಾರ ಇರೋ ಸೇವಂತಿಗೆ ಒಂದು ಆರ್ಸಿ ಕೊಡಮ್ಮ" ಎಂದೆ.

ಮನೆಗೆ ಬಂದು ಅದನ್ನು ಅವರ ಕಡೆಯಿಂದ ಪಂಚೆಯೊಳಗಿಟ್ಟೆ. ಆಮೇಲೆ ನನ್ನ ಕಡೆಗೆ ಬಂದು ಬಗ್ಗಿದೆ. ಬಟ್ಟೆ ತಗ್ಗಿತ್ತು.