ಕೋಟು ಕೊಟ್ಟವಳೇ ಕೊಂದವಳು

ಅಮೆರಿಕದ ಅಲ್ಫರೆಟಾ ಊರಿನಲ್ಲಿ, ಗೆಳತಿಯ ಮನೆಯ ಬೇಸ್‌ಮೆಂಟಿನಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ನಾವು ಕೆಲವರು ಸೇರಿ ಒಂದು ಬ್ರಿಟಿಷ್ ಪತ್ತೇದಾರಿ ಧಾರಾವಾಹಿ ನೋಡುತ್ತಿದ್ದೆವು. ಒಂದು ಕಂತು, ಆಮೇಲೆ ಊಟ, ಊಟದ ಜೊತೆ ವಿಮರ್ಶೆ. ಈ ಮಾತು ನಡೆದ ದಿನ ಚಿತ್ರಾನ್ನವಿತ್ತು ಎಂದು ಬರೆಯಹೊರಟೆ. ಬಿಸಿಬೇಳೆಬಾತ್ ಇದ್ದರೂ ಇದ್ದೀತು. ಹೋದ ವರ್ಷ ಯಾವ ಸಂಜೆ ಎಷ್ಟು ಗಂಟೆಗೆ ನಾಯಿ ಬೊಗಳಿತು ಎಂದು ಥಟ್ಟನೆ ಹೇಳಿಬಿಡುವ ಆ ಧಾರಾವಾಹಿಯ ಸಾಕ್ಷಿಗಳನ್ನು ನಾನು ಯಾವತ್ತೂ ನಂಬಿದವಳಲ್ಲ.

ಕಂತಿನ ಕತೆ ಇಷ್ಟು. ಕಡಲತಡಿಯ ಚಿಕ್ಕ ಊರೊಂದರಲ್ಲಿ ಡಾಕ್ಟರೊಬ್ಬ ಸಾಯುತ್ತಾನೆ. ವಾರದೊಳಗೆ ಅವನ ಹೆಂಡತಿ ಅವನ ಕೋಟುಗಳನ್ನೆಲ್ಲ ಚರ್ಚಿನವರಿಗೆ ದಾನ ಕೊಡುತ್ತಾಳೆ. ಬೀದಿಯಲ್ಲಿ ಯಾರದೋ ಮೈಮೇಲೆ ಸತ್ತವನ ಕೋಟು ಕಂಡ ಇನ್ಸ್‌ಪೆಕ್ಟರಿಗೆ ಅನುಮಾನ ಹುಟ್ಟುತ್ತದೆ. ಕೊನೆಗೆ ಕೊಂದವಳು ಅವಳೇ.

ಮೈಸೂರಿನಿಂದ ಬಂದಿದ್ದ ಗೆಳತಿಯ ಅಪ್ಪ ತೊಡೆ ತಟ್ಟಿದರು.

“ಕೋಟು ಕೊಟ್ಟಾಗ್ಲೇ ಹೇಳ್ಲಿಲ್ವಾ ನಾನು, ಇವಳೇ ಅಂತ? ಗಂಡ ಸತ್ತು ವಾರ ಆಗಿಲ್ಲ, ಬೀರು ಖಾಲಿ ಮಾಡ್ತಾಳೆ! ಕಣ್ಣಲ್ಲಿ ಒಂದು ಹನಿ ನೀರಿಲ್ಲ.”

“ಅಪ್ಪ, ನೀವು ಬ್ಯಾಂಕ್ ಬಿಟ್ಟು ಪೊಲೀಸ್ ಸೇರ್ಬೇಕಿತ್ತು,” ಎಂದಳು ಗೆಳತಿ.

ಅವಳ ಗಂಡ ತಟ್ಟೆ ಹಿಡಿದು ಬಂದ. “ನಾನು ಹೋದ್ರೆ ನನ್ನ ಬಟ್ಟೆ ಕ್ಲಾಸೆಟ್ ಯಾವಾಗ ಕ್ಲೀನ್ ಮಾಡ್ತೀಯ?”

“ನೀವು ಹೋಗೋ ತನಕ ಯಾರು ಕಾಯ್ತಾರೆ? ಆ ಆಫೀಸ್ ಟೀ ಶರ್ಟ್‌ಗಳ್ನ ನಾಳೇನೇ ಡೊನೇಟ್ ಮಾಡ್ತೀನಿ.”

ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ. ಆಮೇಲೆ ಒಬ್ಬೊಬ್ಬರಿಗೇ ಸೋಫಾದ ತುದಿಯಲ್ಲಿದ್ದ ನನ್ನ ನೆನಪಾಯಿತು. ಕೋವಿಡ್‌ನ ಮೊದಲ ವರ್ಷ ಆಸ್ಪತ್ರೆಗೆ ಹೋದ ನನ್ನ ಗಂಡ ವಾಪಸು ಬರಲಿಲ್ಲ. ಅದು ಅವರಿಗೆಲ್ಲ ಗೊತ್ತು. ವಾರದೊಳಗೆ ನಾನೂ ಅವನ ಬಟ್ಟೆಗಳನ್ನೆಲ್ಲ ಕಸದ ಚೀಲಗಳಿಗೆ ತುಂಬಿ ದಾನ ಕೊಟ್ಟು ಬಂದಿದ್ದೆ, ಅದು ಗೊತ್ತಿಲ್ಲ. ಪಕ್ಕದಲ್ಲಿ ಮೊಣಕಾಲು ತಬ್ಬಿ ಕೂತಿದ್ದ ನನ್ನ ಮಗಳಿಗೆ ಗೊತ್ತು. ಹೈಸ್ಕೂಲಿನ ಹುಡುಗಿ. ಖಾಲಿಯಾದ ಕ್ಲಾಸೆಟನ್ನು ನೋಡಿದ್ದಳು, ಒಂದು ದಿನವೂ ಯಾಕೆಂದು ಕೇಳಿರಲಿಲ್ಲ. ಈಗ ಅವಳ ಎದುರೇ ಒಂದು ಕೋಣೆ ಜನ ತೀರ್ಪು ಕೊಟ್ಟಾಗಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳು ಅದನ್ನೇ ಮನೆಗೆ ಒಯ್ಯುತ್ತಾಳೆ.

“ಅದು ಬಿಡಿ, ಮೊಸರು ಹಾಕ್ಕೊಳ್ಳಿ,” ಎಂದು ಗೆಳತಿ ಮಾತು ತಿರುಗಿಸಿದಳು.

“ಬಿಡೋದು ಬೇಡ,” ಎಂದೆ. “ಅಂಕಲ್, ನಾನೂ ಕೊಟ್ಟೆ. ವಾರದೊಳಗೇ. ಎಲ್ಲಾನೂ.”

ಅವರು ನನ್ನತ್ತ ಬಾಗಿದರು. “ನಿನ್ನ ವಿಷ್ಯ ಬೇರೆ ಕಣಮ್ಮ. ನೀನು ದುಃಖ ತಡೀಲಾರ್ದೆ...”

“ಹಾಗೂ ಅಲ್ಲ ಅಂಕಲ್. ನನ್ನ ಬಟ್ಟೆನೂ ಅದೇ ಕ್ಲಾಸೆಟ್‌ನಲ್ಲಿತ್ತು. ದಿನಾ ಬೆಳಿಗ್ಗೆ ಬಾಗಿಲು ತೆಗೀಬೇಕಿತ್ತು. ಅಷ್ಟೆ. ಅಳು ಬರ್ಲಿಲ್ಲ, ಅಳ್ಲಿಲ್ಲ. ನಿಮ್ಮ ಇನ್ಸ್‌ಪೆಕ್ಟರ್‌ಗೆ ಫೋನ್ ಮಾಡಿ.”

ಒಂದು ಶರ್ಟನ್ನು ಮಾತ್ರ ಬಚ್ಚಿಟ್ಟುಕೊಂಡಿದ್ದೆ, ಈಗಲೂ ಅದಕ್ಕೆ ಅವನ ವಾಸನೆಯಿದೆ ಎಂದು ಇಲ್ಲಿ ಬರೆದರೆ ಓದುವವರಿಗೆ ಸಮಾಧಾನ. ಇಟ್ಟುಕೊಳ್ಳಲಿಲ್ಲ. ಆರತಕ್ಷತೆಯ ಸೂಟೂ ಹೋಯಿತು.

ಆಗ ಮಗಳು ತನ್ನ ಅಮೆರಿಕನ್ ಕನ್ನಡದಲ್ಲಿ ಬಾಯಿ ಹಾಕಿದಳು. “ತಾತ, ನಾನೂ ಕೊಟ್ಟೆ. ಶೂಸ್ ಬ್ಯಾಗ್ ನಾನು ಹಿಡ್ಕೊಂಡೆ. ಇಟ್ ವಾಸ್ ಸೋ ಹೆವಿ. ನನ್ನನ್ನೂ ಅರೆಸ್ಟ್ ಮಾಡಿ.”

ಯಾರೂ ನಗಲಿಲ್ಲ. ಅಂಕಲ್ ಮೊಸರಿಗೆ ಕೈಚಾಚಿದರು.

ನಾನು ಅವಳತ್ತ ತಿರುಗಿದೆ. ನನ್ನ ನೆನಪಿನಲ್ಲಿ ಆ ದಿನ ಕಾರಿನಲ್ಲಿ ನಾನೊಬ್ಬಳೇ. ಹಿಂದಿನ ಸೀಟಿನ ತುಂಬ ಚೀಲಗಳು, ರಸ್ತೆಯ ತುಂಬ ಬಿಸಿಲು, ಮಗಳು ಮನೆಯಲ್ಲಿ ಮಲಗಿದ್ದಾಳೆ.

ವಾಪಸು ಹೋಗುವಾಗ ಕೇಳಿದೆ: “ಅವತ್ತು ನೀನು ಬಂದಿದ್ಯಾ?”

“ಅಮ್ಮಾ, ಸೀರಿಯಸ್ಲಿ? ಫ್ರಂಟ್ ಸೀಟ್‌ನಲ್ಲಿ. ನೀನು ಮಾತೇ ಆಡ್ಲಿಲ್ಲ.”

ಇದ್ದಳೋ, ನನಗೋಸ್ಕರ ಆ ಗಳಿಗೆಯಲ್ಲಿ ಕಟ್ಟಿ ಹೇಳಿದ್ದನ್ನೇ ಮುಂದುವರಿಸಿದಳೋ, ವಿಚಾರಿಸಲು ಹೋಗಿಲ್ಲ. ಆ ದಿನದ ನೆನಪಿನಲ್ಲಿ ಈಗ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡಿದ್ದೇನೆ, ಮಡಿಲಲ್ಲಿ ಶೂಗಳ ಚೀಲ. ಇಂಥದ್ದನ್ನು ಯಾವ ಇನ್ಸ್‌ಪೆಕ್ಟರೂ ಸಾಕ್ಷ್ಯವೆಂದು ಒಪ್ಪುವುದಿಲ್ಲ. ಒಪ್ಪಬೇಕಾಗಿಲ್ಲ.

ಮುಂದಿನ ಭಾನುವಾರವೂ ಹೋದೆವು. ಸೋಫಾದ ತುದಿ ಬಿಟ್ಟು ನಡುವೆ ಕೂತೆವು.